ಓಕಿನಾವಾದ ಸಾಂಸ್ಕೃತಿಕ ಗ್ರಾಮಗಳಲ್ಲಿ ಕುಣಿತ ಮತ್ತು ಹಬ್ಬ: ಪದೇ ಪದೇ ಕೇಳುವ ಪ್ರಶ್ನೆಗಳು

ಓಕಿನಾವಾಕ್ಕೆ ಹೊರಟವರು ಕಡಲತೀರದ ಬಗ್ಗೆ, ಮತ್ಸ್ಯಾಲಯದ ಬಗ್ಗೆ ಸಾಕಷ್ಟು ವಿಚಾರಿಸಿಕೊಂಡು ಹೋಗುತ್ತಾರೆ. ಅಲ್ಲಿನ ಕುಣಿತದ ಬಗ್ಗೆ ವಿಚಾರಿಸುವವರು ಕಡಿಮೆ. ಸಾಂಸ್ಕೃತಿಕ ಗ್ರಾಮದ ಅಂಗಳದಲ್ಲಿ ಅರ್ಧ ಗಂಟೆಯೊಳಗೆ ಮುಗಿದುಹೋಗುವ ಡೋಲಿನ ಕುಣಿತವು ಮೂಲತಃ ತೀರಿಕೊಂಡ ಹಿರಿಯರನ್ನು ಬೀಳ್ಕೊಡುವ ಆಚರಣೆ ಎಂಬುದು ಗೊತ್ತಿದ್ದು ನೋಡುವುದಕ್ಕೂ, ಗೊತ್ತಿಲ್ಲದೆ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಆ ಕಾರಣಕ್ಕೆ ಇಲ್ಲಿ ದಾರಿ, ಊಟ, ಸಮಯದ ವಿವರಗಳ ಜೊತೆಗೆ ಕುಣಿತದ ಹಿನ್ನೆಲೆಯನ್ನೂ ಸ್ವಲ್ಪ ವಿಸ್ತಾರವಾಗಿಯೇ ಹೇಳಲಾಗಿದೆ.

ಸಾಂಸ್ಕೃತಿಕ ಗ್ರಾಮ ಎಂದರೆ ಏನು? ಅಲ್ಲಿ ಜನ ವಾಸವಾಗಿರುತ್ತಾರೆಯೇ?

ಇಲ್ಲ. ಇವು ಜನವಸತಿಯ ಊರುಗಳಲ್ಲ. ದ್ವೀಪದ ಹಳೆಯ ಮನೆಗಳನ್ನು ಒಂದೆಡೆ ತಂದು ಜೋಡಿಸಿ, ಅವುಗಳ ಜಗಲಿ ಮತ್ತು ಅಂಗಳಗಳಲ್ಲಿ ಕುಣಿತ, ಹಾಡು, ನೇಯ್ಗೆ, ಬಣ್ಣಗಾರಿಕೆಗಳನ್ನು ತೋರಿಸುವ ಬಯಲು ವಸ್ತುಸಂಗ್ರಹಾಲಯಗಳು. ಇಂದು ಜಪಾನಿನ ಒಂದು ಪ್ರಾಂತವಾಗಿರುವ ಓಕಿನಾವಾ, 1429ರಿಂದ 1879ರವರೆಗೆ ರ್ಯೂಕ್ಯು ಎಂಬ ಹೆಸರಿನಲ್ಲಿ ತನ್ನದೇ ಅರಸರಿದ್ದ ರಾಜ್ಯವಾಗಿತ್ತು. ಚೀನಾ, ಜಪಾನ್, ಕೊರಿಯಾ ಮತ್ತು ಆಗ್ನೇಯ ಏಷ್ಯಾದ ಬಂದರುಗಳ ನಡುವೆ ಹಡಗು ವ್ಯಾಪಾರ ನಡೆಸಿಕೊಂಡಿತ್ತು. ಆ ರಾಜ್ಯದ ಕಾಲದ ಬದುಕನ್ನು ತೋರಿಸುವುದೇ ಈ ಗ್ರಾಮಗಳ ಉದ್ದೇಶ.

ಯಾವ ಗ್ರಾಮಕ್ಕೆ ಹೋಗಬೇಕು?

ಮುಖ್ಯ ದ್ವೀಪದಲ್ಲಿ ಮೂರು ಹೆಸರುಗಳು ಮುಖ್ಯವಾಗಿ ಕೇಳಿಬರುತ್ತವೆ. ಒಂದು, ಪಶ್ಚಿಮ ಕರಾವಳಿಯ ಒನ್ನಾದಲ್ಲಿರುವ ರ್ಯೂಕ್ಯು ಮುರಾ. ಮುರಾ ಎಂದರೆ ಹಳ್ಳಿ. ಕುಣಿತ ಮತ್ತು ಹಳೆಯ ಮನೆ ಎರಡನ್ನೂ ಒಟ್ಟಿಗೆ ನೋಡಬೇಕೆನ್ನುವವರಿಗೆ ಇದು ಸರಿಯಾದ ಜಾಗ. ಇನ್ನೊಂದು, ದಕ್ಷಿಣದ ನಾನ್ಜೋ ನಗರದಲ್ಲಿರುವ ಓಕಿನಾವಾ ವರ್ಲ್ಡ್. ಇಲ್ಲಿ ಡೋಲಿನ ಕುಣಿತದ ದೊಡ್ಡ ಪ್ರದರ್ಶನವಿದೆ, ಕರಕುಶಲ ಕೆಲಸಗಳ ಬೀದಿಯಿದೆ, ಜೊತೆಗೆ ಗ್ಯೋಕುಸೆಂದೋ ಎಂಬ ಸುಣ್ಣಕಲ್ಲಿನ ಗುಹೆಯಿದೆ. ಸುಮಾರು 5 ಕಿಲೋಮೀಟರ್ ಉದ್ದದ ಈ ಗುಹೆಯಲ್ಲಿ 890 ಮೀಟರಿನಷ್ಟು ಭಾಗ ಸಂದರ್ಶಕರಿಗೆ ತೆರೆದಿದೆ. ಮೂರನೆಯದು, ಉತ್ತರದ ಮೊತೊಬುವಿನ ಸಾಗರ ಉದ್ಯಾನದೊಳಗಿರುವ ಓಕಿನಾವಾ ಹಳ್ಳಿ. ಅಲ್ಲಿ ಪ್ರವೇಶ ಉಚಿತ. 17ರಿಂದ 19ನೆಯ ಶತಮಾನದವರೆಗಿನ ಮನೆಗಳ ಮಾದರಿಗಳನ್ನು ಮರುನಿರ್ಮಿಸಿ ಇಟ್ಟಿದ್ದಾರೆ. ಆದರೆ ಕುಣಿತವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋಗುವವರು ಇದೊಂದನ್ನೇ ನೆಚ್ಚಿಕೊಳ್ಳಬಾರದು.

ಒಂದೇ ದಿನವಿದ್ದರೆ ನಮ್ಮ ಆಯ್ಕೆ ರ್ಯೂಕ್ಯು ಮುರಾ. ಗುಹೆ ನೋಡಲೇಬೇಕೆಂಬ ಮಕ್ಕಳು ಜೊತೆಗಿದ್ದರೆ ಮಾತ್ರ ಓಕಿನಾವಾ ವರ್ಲ್ಡ್.

ಅಲ್ಲಿನ ಮನೆಗಳು ನಿಜವಾದವೇ, ಪ್ರವಾಸಿಗರಿಗಾಗಿ ಕಟ್ಟಿದವೇ?

ರ್ಯೂಕ್ಯು ಮುರಾದಲ್ಲಿರುವವು ದ್ವೀಪದ ಬೇರೆ ಬೇರೆ ಊರುಗಳಲ್ಲಿ ಸಂಸಾರಗಳು ಬಾಳಿದ ಮನೆಗಳೇ. ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಹಲವು ಮನೆಗಳು ಜಪಾನ್ ಸರ್ಕಾರದ ನೋಂದಾಯಿತ ಸಾಂಸ್ಕೃತಿಕ ಆಸ್ತಿಯ ಪಟ್ಟಿಯಲ್ಲಿವೆ. ಇದರ ಬೆಲೆ ತಿಳಿಯಬೇಕಾದರೆ 1945ನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆದ ಓಕಿನಾವಾ ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ದ್ವೀಪದ ಜನರಲ್ಲಿ ಸುಮಾರು ನಾಲ್ವರಿಗೊಬ್ಬರು ಉಳಿಯಲಿಲ್ಲ. ದಕ್ಷಿಣ ಭಾಗದ ಊರುಗಳು ನೆಲಸಮವಾದವು. ಅದೆಲ್ಲ ಕಳೆದ ಮೇಲೂ ಉಳಿದುಬಂದ ಮರದ ಮನೆಯೊಂದರ ಜಗಲಿಯಲ್ಲಿ ನೀವು ಕೂತಿರುತ್ತೀರಿ.

ಮನೆಯೊಳಕ್ಕೆ ಕಾಲಿಡುವ ಮೊದಲು ಅಂಗಳದ ಬಾಯಲ್ಲೇ ಒಂದು ಕ್ಷಣ ನಿಲ್ಲಿ. ಬಾಗಿಲಿಗೆ ಎದುರಾಗಿ ಅಡ್ಡಲಾಗಿ ಒಂದು ಗಿಡ್ಡ ಗೋಡೆ ಕಾಣುತ್ತದೆ. ಅದು ಹಿನ್‌ಪುನ್, ಬೀದಿಯ ಕಣ್ಣು ಮನೆಯೊಳಕ್ಕೆ ಬೀಳದಂತೆ, ಕೆಟ್ಟ ಶಕ್ತಿಗಳು ನೇರವಾಗಿ ನುಗ್ಗದಂತೆ ತಡೆಯುವುದು ಅದರ ಕೆಲಸ. ಚಾವಣಿಯ ಕೆಂಪು ಹಂಚುಗಳನ್ನು ಬಿಳಿ ಗಾರೆಯಿಂದ ಬಿಗಿದಿರುತ್ತಾರೆ, ಬಿರುಗಾಳಿಗೆ ಹಾರಬಾರದು ಎಂದು. ಮೇಲೆ ಬಾಯ್ದೆರೆದು ಕೂತಿರುವ ಸಿಂಹದ ಆಕೃತಿ ಶೀಸಾ, ಮನೆಯ ಕಾವಲುಗಾರ. ಹಳೆಯ ಊರುಗಳಲ್ಲಿ ಗಾಳಿಗೆ ಅಡ್ಡವಾಗಿ ಸಾಲಾಗಿ ಬೆಳೆಸುತ್ತಿದ್ದ ದಟ್ಟ ಹಸುರಿನ ಫುಕುಗಿ ಮರವನ್ನು ಮಲೆನಾಡಿನವರು, ಕರಾವಳಿಯವರು ವಿಶೇಷವಾಗಿ ಗಮನಿಸಬೇಕು: ಅದು ನಮ್ಮ ಮುರುಗಲಿನ ಕುಲಕ್ಕೇ ಸೇರಿದ ಗಾರ್ಸೀನಿಯಾ. ಅದರ ತೊಗಟೆಯಿಂದ ತೆಗೆಯುವ ಹಳದಿಯೇ ಓಕಿನಾವಾದ ಬಟ್ಟೆಗಳಲ್ಲಿ ಕಾಣುವ ಹೊಳೆಯುವ ಹಳದಿ.

ಡೋಲು ಹಿಡಿದು ಕುಣಿಯುವ ಎಯ್ಸಾ ಎಂದರೇನು?

ಹೆಚ್ಚಿನವರು ನೆನಪಿನಲ್ಲಿ ಹೊತ್ತು ತರುವುದು ಇದನ್ನೇ, ಆದ್ದರಿಂದ ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಚಾಂದ್ರಮಾನದ ಏಳನೆಯ ತಿಂಗಳಲ್ಲಿ, ನಮ್ಮ ಲೆಕ್ಕದಲ್ಲಿ ಶ್ರಾವಣ ಅಥವಾ ಭಾದ್ರಪದದ ಹುಣ್ಣಿಮೆಯ ಆಸುಪಾಸಿನಲ್ಲಿ, ತೀರಿಕೊಂಡ ಹಿರಿಯರು ಮೂರು ದಿನ ಮನೆಗೆ ಬಂದು ಇರುತ್ತಾರೆ ಎಂಬುದು ಓಕಿನಾವಾದವರ ನಂಬಿಕೆ. 13ನೆಯ ದಿನ ಅವರನ್ನು ಎದುರುಗೊಳ್ಳುವ ಉಂಕೆ, 15ನೆಯ ರಾತ್ರಿ ಬೀಳ್ಕೊಡುವ ಉಕುಯ್. ಈ ದಿನಗಳಲ್ಲಿ ಹಿರಿಯರ ಪೀಠದ ಪಕ್ಕದಲ್ಲಿ ಕಬ್ಬಿನ ಜಲ್ಲೆಗಳನ್ನು ಇಡುತ್ತಾರೆ; ಹಿಂತಿರುಗಿ ಹೋಗುವಾಗ ಅದು ಅವರಿಗೆ ಊರುಗೋಲು. ಉಕುಯ್ ರಾತ್ರಿ ನಾಣ್ಯದ ಅಚ್ಚೊತ್ತಿದ ಹಳದಿ ಕಾಗದ ಉಚಿಕಾಬಿಯನ್ನು ಸುಡುತ್ತಾರೆ. ಅದು ಅವರ ದಾರಿಯ ಖರ್ಚಿಗೆ. ಪಿತೃಪಕ್ಷದಲ್ಲಿ ಎಡೆಯಿಟ್ಟು ಹಿರಿಯರನ್ನು ನೆನೆಯುವ ಮನೆಗಳಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ರಾತ್ರಿಗಳಲ್ಲಿ ಊರಿನ ಯುವಕ ಸಂಘದವರು ಬೀದಿ ಬೀದಿ ಸುತ್ತಿ, ಡೋಲು ಬಾರಿಸುತ್ತ ಕುಣಿಯುವುದೇ ಎಯ್ಸಾ. ಆ ಮೆರವಣಿಗೆಗೆ ಮಿಚಿಜುನೇ ಎನ್ನುತ್ತಾರೆ.

ಇದರ ಬೇರನ್ನು ಬೌದ್ಧರ ನಾಮಸ್ಮರಣೆಯ ಕುಣಿತದಲ್ಲಿ ಗುರುತಿಸುತ್ತಾರೆ. 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಜಪಾನಿನಿಂದ ಬಂದು ಕೆಲಕಾಲ ನೆಲೆಸಿದ್ದ ತೈಚು ಎಂಬ ಭಿಕ್ಷು ಅಮಿತಾಭ ಬುದ್ಧನ ನಾಮವನ್ನು ಇಲ್ಲಿ ಹರಡಿದ. ಊರಿಂದೂರಿಗೆ ಅಲೆಯುತ್ತಿದ್ದ ಚೊಂಡರಾ ಎಂಬ ಕಲಾವಿದರು ಸಾವಿನ ಮನೆಗಳಲ್ಲಿ ಆ ಹಾಡುಗಳನ್ನು ಹಾಡಿಕೊಂಡು ಬಂದರು. ಇಂದು ಎಯ್ಸಾ ತಂಡದಲ್ಲಿ ಮುಖಕ್ಕೆ ಬಿಳಿ ಬಳಿದುಕೊಂಡು, ಸಾಲುಗಳ ನಡುವೆ ನುಸುಳಾಡುತ್ತ ನಗಿಸುವ ಒಬ್ಬ ಕೋಡಂಗಿ ಇರುತ್ತಾನಲ್ಲ, ಅವನ ಹೆಸರೂ ಚೊಂಡರಾ. ನೋಡುವವರು ಅವನನ್ನು ಬರೀ ಹಾಸ್ಯಗಾರ ಎಂದುಕೊಳ್ಳುತ್ತಾರೆ. ಸಾಲು ತಪ್ಪಿದವರನ್ನು ಸರಿಪಡಿಸುವುದು, ಜನರನ್ನು ಹಿಂದೆ ಸರಿಸುವುದು, ಸಡಿಲವಾದ ಪಟ್ಟಿಯನ್ನು ಕುಣಿತ ನಿಲ್ಲದಂತೆ ಕಟ್ಟಿಕೊಡುವುದು ಎಲ್ಲವೂ ಅವನ ಪಾಲಿಗೇ ಬರುತ್ತದೆ. ಒಂದು ಹಾಡಿನಷ್ಟು ಹೊತ್ತು ಅವನೊಬ್ಬನ ಮೇಲೆಯೇ ಕಣ್ಣಿಟ್ಟರೆ ತಂಡ ಹೇಗೆ ನಡೆಯುತ್ತದೆ ಎಂಬುದು ಅರ್ಥವಾಗುತ್ತದೆ.

ಡೋಲುಗಳು ಮೂರು ಬಗೆ. ಎದೆಗೆ ಅಡ್ಡವಾಗಿ ತೂಗುಹಾಕಿಕೊಳ್ಳುವ ದೊಡ್ಡ ಡೋಲು ಓದೈಕೋ. ಒಂದು ಕೈಯಲ್ಲಿ ಹಿಡಿದು ಬಾರಿಸುವ ಶಿಮೆದೈಕೋ. ಒಂದೇ ಬದಿಗೆ ಚರ್ಮ ಬಿಗಿದ ಪುಟ್ಟ ಪಾರಾಂಕು. ದೊಡ್ಡ ಡೋಲಿನವನು ಮೊಣಕಾಲನ್ನು ಸೊಂಟದವರೆಗೆ ಎತ್ತಿ, ಡೋಲಿನ ಭಾರವನ್ನೇ ಬಳಸಿಕೊಂಡು ಮೈಯನ್ನು ತಿರುಗಿಸಿ, ಕಾಲು ನೆಲಕ್ಕೆ ಬೀಳುವ ಕ್ಷಣಕ್ಕೆ ಸರಿಯಾಗಿ ಪೆಟ್ಟು ಹಾಕುತ್ತಾನೆ. ಪಾರಾಂಕುವಿನ ತಂಡಗಳು ಇದಕ್ಕಿಂತ ಸೌಮ್ಯ. ಉರುಮಾ ನಗರದ ಹೆಶಿಕಿಯಾ ಊರಿನವರು ಅದಕ್ಕೆ ಹೆಸರಾದವರು. ಡೋಲಿಲ್ಲದೆ ಕೈಗಳಿಂದಲೇ ಕುಣಿಯುವ ಹೆಣ್ಣುಮಕ್ಕಳ ಸಾಲು ಹಿಂದೆ ಇರುತ್ತದೆ. ಇವರೆಲ್ಲರನ್ನೂ ನಡೆಸುವವರು ಸಾನ್‌ಶಿನ್ ಎಂಬ ಮೂರು ತಂತಿಯ ವಾದ್ಯ ಹಿಡಿದು ಹಾಡುವ ಹಿಮ್ಮೇಳದವರು. ಅವರ ಹೆಸರು ಜಿಕಾತಾ.

ಹಾಗಾದರೆ ಗ್ರಾಮದಲ್ಲಿ ದಿನವೂ ತೋರಿಸುವ ಎಯ್ಸಾ ಕೃತಕವಲ್ಲವೇ?

ಈ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಹಿರಿಯರನ್ನು ಬೀಳ್ಕೊಡುವ ಕುಣಿತವನ್ನು ಜನವರಿಯ ಮಧ್ಯಾಹ್ನವೊಂದರಲ್ಲಿ ಟಿಕೆಟ್ ಕೊಂಡವರಿಗೆ ತೋರಿಸಿದರೆ ಅದರ ಸಂದರ್ಭ ಕಳೆದುಹೋಗುತ್ತದೆ ಎನ್ನುವುದು ನಿಜ. ಆದರೆ ಎಯ್ಸಾ ಊರ ಬೀದಿಯನ್ನು ಬಿಟ್ಟು ಪ್ರೇಕ್ಷಕರ ಮುಂದೆ ಬಂದದ್ದು ಪ್ರವಾಸೋದ್ಯಮದಿಂದ ಅಲ್ಲ. ಯುದ್ಧದ ನಂತರ ಅಮೆರಿಕದ ಸೇನಾನೆಲೆಯ ಬಾಗಿಲಲ್ಲಿ ಬೆಳೆದ ಕೊಜಾ ಪಟ್ಟಣದಲ್ಲಿ 1956ರಲ್ಲಿ ಊರೂರಿನ ತಂಡಗಳ ಸ್ಪರ್ಧೆ ಶುರುವಾಯಿತು. ಗೆಲ್ಲುವ ಹುರುಪಿನಲ್ಲಿ ತಂಡಗಳು ವೇಷ, ಸಾಲುಗಳ ವಿನ್ಯಾಸ, ಡೋಲಿನ ಸಂಖ್ಯೆ ಎಲ್ಲವನ್ನೂ ಬೆಳೆಸಿಕೊಂಡವು. ಇಂದು ನಾವು ಸಾಂಪ್ರದಾಯಿಕ ಎಂದು ನೋಡುವ ರೂಪದಲ್ಲಿ ಬಹುಪಾಲು ಆಗ ಮೂಡಿದ್ದು. ಆ ಸ್ಪರ್ಧೆಯೇ ಮುಂದೆ ಸ್ಪರ್ಧೆಯ ರೂಪ ಬಿಟ್ಟು ಇಡೀ ದ್ವೀಪದ ಎಯ್ಸಾ ಹಬ್ಬವಾಯಿತು.

ಹಾಗಾಗಿ ಗ್ರಾಮದ ಪ್ರದರ್ಶನವನ್ನು ನಾವು ಕೃತಕ ಎನ್ನುವುದಿಲ್ಲ. ಅದು ಒಳಕ್ಕೆ ಕರೆದೊಯ್ಯುವ ಬಾಗಿಲು. ಹಾಡಿನ ಧಾಟಿ, ಕಾಲಿನ ಲೆಕ್ಕ, ಚೊಂಡರಾನ ಚೇಷ್ಟೆ ಎಲ್ಲವನ್ನೂ ಹಗಲಿನ ಬೆಳಕಿನಲ್ಲಿ, ಹತ್ತಿರದಿಂದ, ಕೂತು ನೋಡಲು ಅಲ್ಲಿ ಸಾಧ್ಯ. ಸಾಧ್ಯವಾದರೆ ಪ್ರಯಾಣವನ್ನು ಹೇಗಾದರೂ ಹೊಂದಿಸಿಕೊಂಡು ಉಕುಯ್ ರಾತ್ರಿ ಯಾವುದಾದರೂ ಊರಿನ ಬೀದಿಯಲ್ಲೂ ನಿಂತು ನೋಡಿ. ಎರಡನ್ನೂ ನೋಡಿದವರಿಗೆ ಗ್ರಾಮದ ಪ್ರದರ್ಶನದ ಬೆಲೆ ಕಡಿಮೆಯಾಗುವುದಿಲ್ಲ.

ಡೋಲಿಲ್ಲದೆ ಬಹಳ ನಿಧಾನವಾಗಿ ಕುಣಿಯುವ ಇನ್ನೊಂದು ಪ್ರಕಾರವಿದೆಯಲ್ಲ, ಅದು ಯಾವುದು?

ಅದು ಅರಮನೆಯ ಕುಣಿತ. ಚೀನಾದ ಚಕ್ರವರ್ತಿ ರ್ಯೂಕ್ಯುವಿನ ಹೊಸ ಅರಸನಿಗೆ ಕಿರೀಟದ ಮಾನ್ಯತೆ ಕೊಡಲು ರಾಯಭಾರಿಗಳನ್ನು ಕಳುಹಿಸುತ್ತಿದ್ದ. ಅವರು ತಿಂಗಳುಗಟ್ಟಲೆ ತಂಗುತ್ತಿದ್ದ ಕಾಲದಲ್ಲಿ ಶುರಿ ಅರಮನೆಯಲ್ಲಿ ಅವರ ಮುಂದೆ ಕುಣಿತಗಳು ನಡೆಯುತ್ತಿದ್ದವು. ಕುಣಿಯುತ್ತಿದ್ದವರು ಗಂಡಸರೇ, ಅದೂ ಅರಮನೆಯ ಅಧಿಕಾರಿ ಮನೆತನದವರು. ಹೆಣ್ಣಿನ ಪಾತ್ರವನ್ನೂ ಅವರೇ ಮಾಡುತ್ತಿದ್ದರು. ಯಕ್ಷಗಾನದ ಸ್ತ್ರೀವೇಷವನ್ನು ಕಂಡವರಿಗೆ ಇದು ಹೊಸದೆನಿಸದು. 1879ರಲ್ಲಿ ಜಪಾನ್ ರಾಜ್ಯವನ್ನು ತನ್ನೊಳಗೆ ಸೇರಿಸಿಕೊಂಡಾಗ ಕೆಲಸ ಕಳೆದುಕೊಂಡ ಈ ಕಲಾವಿದರು ಊರಿನ ರಂಗಮಂದಿರಗಳಿಗೆ ಬಂದು, ಸಾಮಾನ್ಯರ ಬದುಕನ್ನೇ ವಸ್ತುವಾಗಿಸಿಕೊಂಡ ಚುರುಕಾದ ಹೊಸ ಕುಣಿತಗಳನ್ನು ಕಟ್ಟಿದರು. ಅವುಗಳಲ್ಲಿ ತಾಂಚಮೆ ಎಂಬುದು ರ್ಯೂಕ್ಯು ಮುರಾ ಇರುವ ಒನ್ನಾದ ತಾಂಚಾ ಎಂಬ ಮೀನುಗಾರರ ಊರಿನದೇ: ಗಂಡಸರ ಕೈಯಲ್ಲಿ ದೋಣಿಯ ಹುಟ್ಟು, ಹೆಂಗಸರ ಕೈಯಲ್ಲಿ ಮೀನಿನ ಬುಟ್ಟಿ. ಅದು ಹುಟ್ಟಿದ ನೆಲದಲ್ಲೇ ಅದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಅರಮನೆಯ ಕುಣಿತಗಳಲ್ಲಿ ಗ್ರಾಮಗಳಲ್ಲಿ ಹೆಚ್ಚಾಗಿ ಕಾಣುವುದು ಯೊತ್ಸುದಾಕೆ. ಕೆಂಪು ಹೂವಿನಾಕಾರದ ಅಗಲ ಟೋಪಿ, ಬಿಂಗಾತಾ ಎಂಬ ಅಚ್ಚಿನ ಬಣ್ಣಗಾರಿಕೆಯ ನಿಲುವಂಗಿ, ಎರಡೂ ಕೈಗಳಲ್ಲಿ ಎರಡೆರಡು ಬಿದಿರಿನ ಪಟ್ಟಿಗಳು. ಪಾದ ನೆಲವನ್ನು ಬಿಟ್ಟು ಮೇಲೇಳುವುದಿಲ್ಲ, ಜಾರುತ್ತ ಮುಂದೆ ಹೋಗುತ್ತದೆ. ಮುಖದಲ್ಲಿ ಭಾವ ಹೆಚ್ಚು ಆಡುವುದಿಲ್ಲ. ಕಣ್ಣಿನ ನೋಟ ಮಾತ್ರ ಮೊದಲು ಹೋಗಿ, ಮೈ ಅದರ ಹಿಂದೆ ತಿರುಗುತ್ತದೆ. ಬಿದಿರಿನ ಪಟ್ಟಿಗಳು ಕೂಡಿದಾಗ ಬರುವ ಸಣ್ಣ ಟಕ್ಕೆಂಬ ಸದ್ದು ಇಡೀ ಸಭೆಗೆ ಕೇಳಿಸುವಷ್ಟು ಉಳಿದದ್ದೆಲ್ಲ ಶಾಂತವಾಗಿರುತ್ತದೆ. ಈ ಬಗೆಯ ಕುಣಿತಕ್ಕೆ ಬಲ ಬರುವುದು ಸೊಂಟದಿಂದ. ಅದನ್ನು ಅವರು ಗಮಾಕು ಎಂದು ಕರೆಯುತ್ತಾರೆ, ಗುರುಗಳು ತಿದ್ದುವುದೂ ಹೆಚ್ಚಾಗಿ ಅದನ್ನೇ. ಮೊದಲ ಸಲ ನೋಡುವವರು ಐದು ನಿಮಿಷಕ್ಕೆ ಬೇಸರಪಟ್ಟು ಎದ್ದುಹೋಗುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ, ನರ್ತಕಿಯ ಕಣ್ಣನ್ನು ಮತ್ತು ಹಿಮ್ಮಡಿಯನ್ನು ಗಮನಿಸುತ್ತ ಕೂರಿ.

ಕುಣಿತದ ಜೊತೆಗೆ ಹಾಡುವ ರ್ಯೂಕಾ ಎಂಬ ಪದ್ಯಗಳಲ್ಲಿ ನಾಲ್ಕು ಸಾಲು. 8, 8, 8, 6 ಎಂಬ ಅಕ್ಷರಗಳ ಲೆಕ್ಕ. ಮಾತು, ಹಾಡು, ಕುಣಿತ ಮೂರೂ ಸೇರಿದ ಕುಮಿಒದೋರಿ ಎಂಬ ನಾಟಕಕ್ಕೂ ಇದೇ ಛಂದಸ್ಸು ಆಧಾರ. ತಮಗುಸುಕು ಚೊಕುನ್ ಎಂಬ ಅಧಿಕಾರಿ ರಚಿಸಿದ ಕುಮಿಒದೋರಿ ಮೊದಲು ರಂಗಕ್ಕೆ ಬಂದದ್ದು 1719ರಲ್ಲಿ, ಚೀನಾದ ರಾಯಭಾರಿಗಳ ಮುಂದೆ. 2010ರಲ್ಲಿ ಯುನೆಸ್ಕೋ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಪೂರ್ಣ ಪ್ರದರ್ಶನ ಸಾಂಸ್ಕೃತಿಕ ಗ್ರಾಮಗಳಲ್ಲಿ ಸಿಗುವಂಥದ್ದಲ್ಲ. ಅದಕ್ಕೆ ಉರಾಸೋಯೆಯಲ್ಲಿ 2004ರಲ್ಲಿ ತೆರೆದ ರಾಷ್ಟ್ರೀಯ ರಂಗಮಂದಿರಕ್ಕೆ ಹೋಗಬೇಕು.

ಪ್ರೇಕ್ಷಕರೂ ಕುಣಿಯಬಹುದೇ?

ಕೊನೆಯಲ್ಲಿ ಕರೆಯುತ್ತಾರೆ, ಆಗ ಖಂಡಿತ ಏಳಿ. ಅದು ಕಚಾಶಿ. ಮದುವೆಯಿರಲಿ, ಊರ ಹಬ್ಬವಿರಲಿ, ಓಕಿನಾವಾದಲ್ಲಿ ಸಂತೋಷದ ಕೂಟವೆಲ್ಲ ಇದರಿಂದಲೇ ಮುಗಿಯುತ್ತದೆ. ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ, ಮಣಿಕಟ್ಟನ್ನು ಸಡಿಲ ಬಿಟ್ಟು, ಎಡಕ್ಕೂ ಬಲಕ್ಕೂ ತೂಗುತ್ತ ತಿರುಗಿಸಬೇಕು. ಗಂಡಸರು ಮುಷ್ಟಿ ಬಿಗಿದು, ಹೆಂಗಸರು ಅಂಗೈ ತೆರೆದು. ಕಾಲಿಗೆ ನಿಯಮವಿಲ್ಲ. ಆ ಹೆಸರಿಗೆ ಕಲಕುವುದು ಎಂಬ ಅರ್ಥವಿದೆ. ಕರೆಯುವ ಮೊದಲೇ ಅಂಗಳಕ್ಕೆ ಇಳಿಯುವುದು, ಮೆರವಣಿಗೆಯ ಸಾಲಿನೊಳಗೆ ಫೋಟೋಗಾಗಿ ನುಗ್ಗುವುದು ಮಾತ್ರ ಸರಿಯಲ್ಲ. ಕೆಲವು ವೇದಿಕೆಗಳಲ್ಲಿ ಕುಣಿತ ನಡೆಯುವಾಗ ಚಿತ್ರ ತೆಗೆಯುವುದು ನಿಷಿದ್ಧ. ಬಾಗಿಲಲ್ಲಿರುವ ಫಲಕವನ್ನು ನೋಡಿಕೊಳ್ಳಿ.

ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು? ಹಬ್ಬಗಳು ಯಾವಾಗ?

ಮೇ ಮಧ್ಯದಿಂದ ಜೂನ್ ಕೊನೆಯ ಭಾಗದವರೆಗೆ ಮಳೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತದ ಭಯ. ಬಂದರೆ ವಿಮಾನ, ಬಸ್ಸು, ಗ್ರಾಮ ಎಲ್ಲವೂ ಮುಚ್ಚುತ್ತವೆ. ಹವಾಮಾನವನ್ನಷ್ಟೇ ನೋಡುವುದಾದರೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹಿತ. ಆದರೆ ಎಯ್ಸಾದ ನಿಜವಾದ ಕಾಲ ಆಗಸ್ಟ್ ಮತ್ತು ಸೆಪ್ಟೆಂಬರ್ ಮೊದಲ ದಿನಗಳು. 2026ರಲ್ಲಿ ಉಂಕೆ ಆಗಸ್ಟ್ 25ಕ್ಕೆ, ಉಕುಯ್ ಆಗಸ್ಟ್ 27ಕ್ಕೆ ಬರುತ್ತದೆ. ಇಡೀ ದ್ವೀಪದ ತಂಡಗಳು ಸೇರುವ ಎಯ್ಸಾ ಹಬ್ಬವನ್ನು ಸಾಮಾನ್ಯವಾಗಿ ಅದರ ನಂತರದ ವಾರಾಂತ್ಯದಲ್ಲಿ ಹಿಂದಿನ ಕೊಜಾ, ಇಂದಿನ ಓಕಿನಾವಾ ನಗರದಲ್ಲಿ ನಡೆಸುತ್ತಾರೆ. ಅಪಾಯವನ್ನು ಒಪ್ಪಿಕೊಂಡು, ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡು ಈ ಸಮಯಕ್ಕೇ ಹೋಗಿ ಎಂಬುದು ನಮ್ಮ ಸಲಹೆ.

ಉಳಿದಂತೆ ಮೇ 3ರಿಂದ 5ರವರೆಗೆ ಪ್ರಾಂತದ ರಾಜಧಾನಿ ನಹಾದಲ್ಲಿ ಡ್ರ್ಯಾಗನ್ ದೋಣಿಗಳ ಸ್ಪರ್ಧೆ ನಡೆಯುತ್ತದೆ. ಅಕ್ಟೋಬರ್‌ನಲ್ಲಿ ಅಲ್ಲಿಯೇ ಹಗ್ಗಜಗ್ಗಾಟ: ಹೆಣ್ಣು ಹಗ್ಗ, ಗಂಡು ಹಗ್ಗ ಎಂಬ ಎರಡು ಭಾಗಗಳನ್ನು ನಡುವೆ ಮರದ ದಿಮ್ಮಿ ತೂರಿಸಿ ಜೋಡಿಸುತ್ತಾರೆ, ಒಟ್ಟು ಉದ್ದ ಸುಮಾರು 200 ಮೀಟರ್, ತೂಕ ಸುಮಾರು 40 ಟನ್. ಪಶ್ಚಿಮ ಮತ್ತು ಪೂರ್ವ ಎಂದು ಎರಡು ಪಾಳಯಗಳಾಗಿ ಊರೇ ಎಳೆಯುತ್ತದೆ, ಪ್ರವಾಸಿಗರೂ ಕೈ ಹಾಕಬಹುದು.

ಬೆಂಗಳೂರಿನಿಂದ ಹೋಗುವುದು ಹೇಗೆ?

ಭಾರತೀಯರಿಗೆ ವೀಸಾ ಬೇಕು. ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ನೇರ ವಿಮಾನವಿದೆ. ಅಲ್ಲಿಂದ ನಹಾಕ್ಕೆ ಸುಮಾರು ಮೂರು ಗಂಟೆ. ನಹಾದಿಂದ ರ್ಯೂಕ್ಯು ಮುರಾಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ, ನಗೋ ಕಡೆಗೆ ಹೋಗುವ 20 ಮತ್ತು 120ನೆಯ ಸಂಖ್ಯೆಯ ಬಸ್ಸುಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಓಕಿನಾವಾ ವರ್ಲ್ಡ್ ವಿಮಾನ ನಿಲ್ದಾಣದಿಂದ ಅರ್ಧ ಗಂಟೆಯ ದಾರಿ. ದ್ವೀಪದಲ್ಲಿ ರೈಲು ಎಂದರೆ ನಹಾದ ಸುತ್ತಮುತ್ತ ಮಾತ್ರ ಓಡುವ ಮೊನೊರೈಲು, ಅದು ಈ ಗ್ರಾಮಗಳಿಗೆ ಹೋಗುವುದಿಲ್ಲ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನ ಸಾರಿಗೆ ಕಚೇರಿಯಲ್ಲೇ ಮಾಡಿಸಿಕೊಂಡು ಹೋದರೆ ಕಾರು ಬಾಡಿಗೆಗೆ ಸಿಗುತ್ತದೆ. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ಓಡಿಸಬೇಕು. ಟಿಕೆಟ್ ದರ ಮತ್ತು ಕುಣಿತದ ವೇಳೆ ಬದಲಾಗುತ್ತಿರುತ್ತವೆ. ಹೊರಡುವ ಹಿಂದಿನ ದಿನ ಗ್ರಾಮದ ಜಾಲತಾಣದಲ್ಲಿ ನೋಡಿಕೊಂಡು, ಮೊದಲು ಕುಣಿತದ ಹೊತ್ತನ್ನು ಗೊತ್ತು ಮಾಡಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿಕೊಳ್ಳಿ.

ಸಸ್ಯಾಹಾರಿಗಳಿಗೆ ಅಲ್ಲಿ ಏನು ಸಿಗುತ್ತದೆ?

ಕಷ್ಟವಿದೆ, ಮುಚ್ಚುಮರೆಯಿಲ್ಲದೆ ಹೇಳಬೇಕು. ಓಕಿನಾವಾದ ಅಡುಗೆಯ ಅಡಿಪಾಯವೇ ಹಂದಿಮಾಂಸ ಮತ್ತು ಒಣಮೀನಿನ ಸಾರು. ಅಲ್ಲಿನ ಹೆಸರಾಂತ ಸೋಬಾ ಶಾವಿಗೆಯ ಸಾರು ಎರಡರಿಂದಲೂ ಆದದ್ದು. ಮೊಟ್ಟೆ ಹಾಕಿ ಹುರಿದ ಹಾಗಲಕಾಯಿ ನೋಡಲು ನಮ್ಮ ಪಲ್ಯದಂತೆ ಕಂಡರೂ ಅದರಲ್ಲಿ ಮಾಂಸದ ತುಣುಕುಗಳಿರುತ್ತವೆ. ಉಡುಗೊರೆಯಾಗಿ ಎಲ್ಲರೂ ಕೊಳ್ಳುವ ಚಿನ್‌ಸುಕೋ ಎಂಬ ಬಿಸ್ಕತ್ತನ್ನು ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬಿನಿಂದ ಮಾಡುತ್ತಾರೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಮೊಟ್ಟೆ ತಿನ್ನುವವರಿಗೆ ಸಾತಾ ಅಂದಾಗಿ ಎಂಬ ಕರಿದ ಸಿಹಿ ಉಂಡೆ ಹಿಡಿಸುತ್ತದೆ. ಕಡಲೆಕಾಯಿಯ ಹಾಲಿನಿಂದ ಮಾಡುವ ಜೀಮಾಮಿ ತೋಫು ಬಹಳ ರುಚಿ. ಮೇಲೆ ಸುರಿಯುವ ಸಾಸಿನಲ್ಲಿ ಮೀನಿನ ಸಾರಿದೆಯೇ ಎಂದು ಕೇಳಿಕೊಳ್ಳಿ. ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ. ಹಸಿ ಹಣ್ಣು ತರಕಾರಿಗಳನ್ನು ಮಾತ್ರ ಊರಿನಿಂದ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಯಾವ ಸಂಶಯವೂ ಇಲ್ಲದೆ ತಿನ್ನಬಹುದಾದದ್ದು ಕೊಕುತೋ, ಎಂದರೆ ಕಬ್ಬಿನ ಬೆಲ್ಲ. ಹಿಂದಿನ ಕಾಲದಲ್ಲಿ ಕೋಣವನ್ನು ಕಟ್ಟಿ ಗಾಣ ತಿರುಗಿಸಿ ರಸ ತೆಗೆಯುತ್ತಿದ್ದ ಬಗೆಯನ್ನು ರ್ಯೂಕ್ಯು ಮುರಾದಲ್ಲಿ ಕಾಣಬಹುದು. ಆಲೆಮನೆಯ ಹೊಗೆ ಮತ್ತು ಪಾಕದ ವಾಸನೆ ಗೊತ್ತಿರುವವರು ಆ ಗಾಣದ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ಒಂದು ಎಚ್ಚರಿಕೆ: ನೇರಳೆ ಬಣ್ಣದ ಹಸಿ ಗೆಣಸನ್ನು ಓಕಿನಾವಾದಿಂದ ಜಪಾನಿನ ಬೇರೆ ಭಾಗಗಳಿಗೆ ಒಯ್ಯುವಂತಿಲ್ಲ, ಗೆಣಸಿನ ಹುಳು ಹರಡಬಾರದೆಂಬ ಕಾನೂನಿದೆ. ಬೇಯಿಸಿ ಮಾಡಿದ ತಿಂಡಿಗೆ ಅಡ್ಡಿಯಿಲ್ಲ.

ಕೈಯಾರೆ ಏನನ್ನಾದರೂ ಕಲಿಯಬಹುದೇ?

ಶೀಸಾಕ್ಕೆ ಬಣ್ಣ ಹಚ್ಚುವುದು, ಸಾನ್‌ಶಿನ್ ನುಡಿಸುವುದು, ರ್ಯೂಕ್ಯು ಉಡುಪು ತೊಡುವುದು, ಬಿಂಗಾತಾ ಬಣ್ಣಗಾರಿಕೆ ಇವೆಲ್ಲಕ್ಕೂ ಪ್ರತ್ಯೇಕ ಶುಲ್ಕ ಕೊಟ್ಟು ಕೂರಬಹುದು. ಒಂದನ್ನೇ ಆರಿಸಿಕೊಳ್ಳುವುದಾದರೆ ಬಿಂಗಾತಾ. ಕೊರೆದ ಕಾಗದದ ಅಚ್ಚಿನ ಮೂಲಕ ಬಟ್ಟೆಗೆ ಬಣ್ಣ ತುಂಬುವ ಕಲೆ ಇದು. ಅಚ್ಚನ್ನು ಕೊರೆಯುವಾಗ ಕುಶಲಕರ್ಮಿಗಳು ಅಡಿಯಲ್ಲಿ ಇಟ್ಟುಕೊಳ್ಳುವುದು ಮರದ ಹಲಗೆಯನ್ನಲ್ಲ, ಕಲ್ಲಿನಷ್ಟು ಗಟ್ಟಿಯಾಗಿ ಒಣಗಿಸಿದ ತೋಫುವನ್ನು. ಅದರಲ್ಲಿರುವ ಎಣ್ಣೆಯಂಶ ಚಾಕುವಿನ ಮೊನೆಯನ್ನು ಕಾಪಾಡುತ್ತದೆ. ಯುದ್ಧದಲ್ಲಿ ಎಲ್ಲವೂ ನಾಶವಾದ ಮೇಲೆ ಶಿರೋಮಾ ಎಯ್ಕಿ ಎಂಬ ಕಲಾವಿದರು ಅಮೆರಿಕದ ಸೇನೆ ಬಿಸಾಡಿದ ನಕಾಶೆಗಳನ್ನು ಅಚ್ಚಿನ ಕಾಗದವಾಗಿಯೂ, ಖಾಲಿ ಗುಂಡಿನ ಕವಚಗಳನ್ನು ಅಂಟು ಹಿಂಡುವ ತುದಿಯಾಗಿಯೂ, ಲಿಪ್‌ಸ್ಟಿಕ್ಕನ್ನು ಬಣ್ಣವಾಗಿಯೂ ಬಳಸಿ ಈ ಕಲೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು.

ಹಾವು ಮುಂಗುಸಿಯ ಕಾಳಗ ಈಗಲೂ ಇದೆಯೇ?

ಇಲ್ಲ. ಹಿಂದೆ ಹಬು ಎಂಬ ವಿಷದ ಹಾವನ್ನೂ ಮುಂಗುಸಿಯನ್ನೂ ಕಾದಾಡಿಸಿ ತೋರಿಸುತ್ತಿದ್ದರು; ಪ್ರಾಣಿ ಸಂರಕ್ಷಣೆಯ ಕಾನೂನು ಬಿಗಿಯಾದ ಮೇಲೆ ಅದು ನಿಂತಿತು. ಆ ಮುಂಗುಸಿಗಳ ಮೂಲ ನಮ್ಮ ದೇಶವೇ: ಹಬುವನ್ನು ಕೊಲ್ಲಲಿ ಎಂದು 1910ರಲ್ಲಿ ಗಂಗಾನದಿಯ ಮುಖಜ ಪ್ರದೇಶದಿಂದ ತಂದು ಬಿಟ್ಟರು. ಹಬು ರಾತ್ರಿ ತಿರುಗುವ ಹಾವು, ಮುಂಗುಸಿ ಹಗಲಿನ ಪ್ರಾಣಿ. ಎರಡೂ ಎದುರಾಗುವುದೇ ಅಪರೂಪ. ಮುಂಗುಸಿಗಳು ದ್ವೀಪದ ಹಾರಲಾರದ ಹಕ್ಕಿಗಳನ್ನು ತಿನ್ನತೊಡಗಿದವು, ಆ ತಪ್ಪನ್ನು ಸರಿಪಡಿಸುವ ಕೆಲಸ ಇನ್ನೂ ನಡೆದೇ ಇದೆ.

ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದೇ?

ಹೋಗಬಹುದು. ಹಳೆಯ ಮನೆಗಳ ನೆಲ ಅಂಗಳಕ್ಕಿಂತ ಎತ್ತರ, ಚಪ್ಪಲಿ ಬಿಟ್ಟು ಹತ್ತಬೇಕು. ಸುಲಭವಾಗಿ ಕಳಚುವ ಪಾದರಕ್ಷೆ ಇರಲಿ. ಗುಹೆಯಲ್ಲಿ ಮೆಟ್ಟಿಲುಗಳಿವೆ, ನೆಲ ಒದ್ದೆ. ಮೊಣಕಾಲು ನೋವಿರುವವರು ಅದನ್ನು ಬಿಟ್ಟು ಕುಣಿತದ ಅಂಗಳದಲ್ಲೇ ಇರುವುದು ಒಳ್ಳೆಯದು.

ಭಾಷೆಯ ತೊಡಕಾಗುತ್ತದೆಯೇ?

ವ್ಯವಹಾರಕ್ಕೆ ಜಪಾನಿ ಭಾಷೆಯೂ ಸ್ವಲ್ಪ ಇಂಗ್ಲಿಷೂ ಸಾಕು. ಆದರೆ ಹಾಡುಗಳ ಭಾಷೆ ಜಪಾನಿಯಲ್ಲ, ಅದು ಉಚಿನಾಗುಚಿ. ಒಂದು ಕಾಲದಲ್ಲಿ ಶಾಲೆಯಲ್ಲಿ ಈ ಭಾಷೆ ಆಡಿದ ಮಕ್ಕಳ ಕೊರಳಿಗೆ ಶಿಕ್ಷೆಯಾಗಿ ಮರದ ಫಲಕ ನೇತುಹಾಕುತ್ತಿದ್ದರು. 2009ರಲ್ಲಿ ಯುನೆಸ್ಕೋ ಇದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಸೇರಿಸಿತು. ಬಾಗಿಲಲ್ಲಿ ಮೆನ್ಸೋರೆ ಎಂದರೆ ಅದು ಸ್ವಾಗತ. ನಮಸ್ಕಾರಕ್ಕೆ ಗಂಡಸರು ಹಾಯ್ಸಾಯ್ ಎನ್ನುತ್ತಾರೆ, ಹೆಂಗಸರು ಹಾಯ್ತಾಯ್. ಹೊರಡುವಾಗ ಹಿರಿಯ ಕಲಾವಿದರೊಬ್ಬರಿಗೆ ನಿಫೇದೆಬಿರು, ಎಂದರೆ ಧನ್ಯವಾದ, ಎಂದು ಹೇಳಿ ಅವರ ಮುಖವನ್ನೊಮ್ಮೆ ನೋಡಿ.

ಸಾನ್‌ಶಿನ್ ಕೊಂಡು ಊರಿಗೆ ತರಬಹುದೇ?

ಕೊಳ್ಳುವ ಮೊದಲು ಚರ್ಮ ಯಾವುದು ಎಂದು ಕೇಳಿ. ಒಳ್ಳೆಯ ಸಾನ್‌ಶಿನ್‌ಗೆ ಹೆಬ್ಬಾವಿನ ಚರ್ಮ ಬಿಗಿದಿರುತ್ತಾರೆ. ಓಕಿನಾವಾದಲ್ಲಿ ಹೆಬ್ಬಾವಿಲ್ಲ, ಚರ್ಮ ಹೊರದೇಶದಿಂದ ಬರುತ್ತದೆ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಜಪಾನ್, ಭಾರತ ಎರಡೂ ಸೇರಿರುವುದರಿಂದ ಅನುಮತಿ ಪತ್ರವಿಲ್ಲದೆ ಅಂಥ ವಾದ್ಯವನ್ನು ಗಡಿ ದಾಟಿಸುವಂತಿಲ್ಲ. ಕೃತಕ ಚರ್ಮದ ಸಾನ್‌ಶಿನ್‌ಗೆ ಈ ತೊಂದರೆಯಿಲ್ಲ, ಕಲಿಯುವವರಿಗೆ ಅದು ಸಾಕು.

ಮಕ್ಕಳಿಗೆ ಕೊಡುವುದಾದರೆ ಕಂಕರಾ ಸಾನ್‌ಶಿನ್ ಕೇಳಿ. ಯುದ್ಧ ಮುಗಿದ ಮೇಲೆ ಬಂಧನ ಶಿಬಿರಗಳಲ್ಲಿದ್ದ ಜನ ಸೇನೆಯ ಖಾಲಿ ಡಬ್ಬಿಗೆ ಮಂಚದ ಮರದ ತುಂಡನ್ನು ಹಿಡಿಯಾಗಿ ಸಿಕ್ಕಿಸಿ, ಪ್ಯಾರಾಚೂಟಿನ ದಾರವನ್ನು ತಂತಿಯಾಗಿ ಎಳೆದು ಮಾಡಿಕೊಂಡ ವಾದ್ಯ ಅದು. ಈಗ ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರುತ್ತಾರೆ. ಮನೆಗೆ ತಂದು ಮಕ್ಕಳೊಡನೆ ಕೂತು ಜೋಡಿಸಿ, ಮೂರು ತಂತಿಗಳನ್ನು ಶ್ರುತಿ ಮಾಡಿಕೊಂಡು ನುಡಿಸಬಹುದು.